ಬೆನ್ನ ಮೇಲಿನ ಮೂವರು

ಹನ್ನೊಂದನೇ ಕಂತು

"ಇದು ಗಂಡಸಿನ ಚರ್ಮ ಅಲ್ಲ, ಕ್ಯಾಪ್ಟನ್."

ಡಾಕ್ಟರ್ ಗದೀಜಾ ಸಾಲಿ ಸೂಕ್ಷ್ಮದರ್ಶಕದಿಂದ ಕಣ್ಣೆತ್ತದೆ ಹೇಳಿದಳು. ನಾನು ಆಗಷ್ಟೇ ಅವಳ ಊಟದ ಡಬ್ಬಿಯಿಂದ ಒಂದು ಸಮೋಸ ಎತ್ತಿಕೊಂಡಿದ್ದೆ. ಹಾಗೇ ವಾಪಸ್ ಇಟ್ಟೆ.

"ಏನಂದೆ?"

"ಹೆಂಗಸಿನ ಚರ್ಮ. ನಿನ್ನೆಯಿಂದ ನಾಲ್ಕು ಸಲ ನೋಡಿದೀನಿ. ಕೂತ್ಕೊಳಿ, ನಿಂತ್ಕೊಂಡು ಕೇಳೋ ವಿಷಯ ಅಲ್ಲ ಇದು."

ಕೂತೆ. ಹದಿನೈದು ವರ್ಷದ ಪರಿಚಯದಲ್ಲಿ ಗದೀಜಾ ನನಗೆ ಕೂರಲು ಹೇಳಿದ್ದು ಇದು ಎರಡನೇ ಸಲ. ಮೊದಲನೆಯ ಸಲ ನನ್ನ ಗಂಡನ ವರದಿ ಅವಳ ಕೈಯಲ್ಲಿತ್ತು.

ಮೀನು ಕರಿಯುವ ಅಂಗಡಿಯ ಮುದುಕ ಫೋರ್ತೇನನ ಸುಟ್ಟ ಬೆನ್ನಿಗೆ ಹಾಕಿದ್ದ ಕಸಿಚರ್ಮಕ್ಕೆ ಕಾಗದಪತ್ರವೇ ಇರಲಿಲ್ಲ. ಅದರಲ್ಲಿ ಆರು ವರ್ಷದ ಹಿಂದೆ ಕಾಣೆಯಾದ ಮನೆಲಿಸಿ ಎಂಬವನ ಡಿಎನ್‌ಎ ಸಿಕ್ಕಿತೆಂದು ಅವನು ಸತ್ತಿದ್ದಾನೆ ಅಂತ ಬರೆದು, ಶವಾಗಾರದ ನೌಕರ ಹೆಂಡ್ರಿಕ್ಸನನ್ನು ಕೊಲೆ ಆರೋಪದಲ್ಲಿ ಒಳಗೆ ಹಾಕಿದವಳು ನಾನೇ.

"ಹಾಗಾದ್ರೆ ನಮ್ಮ ಲ್ಯಾಬಿನವರು ಕಂಡಿದ್ದೇನು?"

"ಅವರು ಕಂಡಿದ್ದು ಸುಳ್ಳಲ್ಲ. ನೋಡಿದ ರೀತಿ ಸರಿ ಇಲ್ಲ. ಇಡೀ ತುಂಡನ್ನ ಮಸಾಲೆ ಅರೆದ ಹಾಗೆ ಅರೆದುಬಿಟ್ಟಿದಾರೆ. ಅದರಲ್ಲಿ ಮೂರು ಜನ ಸಿಕ್ಕಿದಾರೆ. ಫೋರ್ತೇನ್, ಮನೆಲಿಸಿ, ಮತ್ತೆ ಒಬ್ಬ ಹೆಂಗಸು. ಹೆಂಗಸಿನ ಗುರುತು ತೆಳ್ಳಗಿತ್ತು. ಯಾರೋ ಕೈಗವಸು ಹಾಕದೆ ಮುಟ್ಟಿರ್ಬೇಕು ಅಂತ ಅವಳನ್ನ ಪಕ್ಕಕ್ಕಿಟ್ಟುಬಿಟ್ರು."

"ನೀನು?"

"ನಾನು ಒಂದೊಂದೇ ಕಣ ಬಿಡಿಸಿ ನೋಡಿದೆ. ಹೆಣ್ಣಾಳಿನ ಕೆಲಸ. ತಾಳ್ಮೆ ಬೇಕು."

ಅವಳು ಒಂದು ಹಳೆಯ ಲಕೋಟೆಯ ಹಿಂದೆ ಚೌಕ ಬರೆದಳು. ಚೌಕದೊಳಗೆ ಚುಕ್ಕೆಗಳನ್ನಿಟ್ಟಳು.

"ಚರ್ಮದಲ್ಲಿ ಎರಡು ಥರದವರು ಇರ್ತಾರೆ ಕ್ಯಾಪ್ಟನ್. ಒಂದು ಮನೆಯವರು, ಅಂದ್ರೆ ಚರ್ಮದ ಸ್ವಂತ ಕಣಗಳು. ಇನ್ನೊಂದು ಕಾವಲಿನವರು. ಕಾವಲಿನವರು ಹುಟ್ಟೋದು ಮೂಳೆ ಒಳಗಿನ ಮಜ್ಜೆಲಿ. ಅಲ್ಲಿಂದ ರಕ್ತ ಹಿಡ್ಕೊಂಡು ಬಂದು ಚರ್ಮದಲ್ಲಿ ಠಿಕಾಣಿ ಹೂಡ್ತಾರೆ. ಕೆಲವರು ವರ್ಷಗಟ್ಟಲೆ ಅಲ್ಲಿಂದ ಕದಲಲ್ಲ. ಚರ್ಮ ತೆಗೆದು ಇನ್ನೊಬ್ಬರಿಗೆ ಹಾಕಿದ್ರೆ, ಅವರೂ ಜೊತೆಗೇ ಹೋಗ್ತಾರೆ."

"ಸಾಮಾನಿನ ಜೊತೆ ಜಿರಳೆ ಹೋದ ಹಾಗೆ."

"ಥೂ. ಹೂಂ, ಹಾಗೇ ಅಂದ್ಕೊಳಿ. ಈಗ ಫೋರ್ತೇನನ ಬೆನ್ನಲ್ಲಿ ಕಾವಲಿನವರು ಎರಡು ಗುಂಪು. ಒಂದು ಅವನದೇ, ಹೊರಗಿಂದ ಜಗಳಕ್ಕೆ ಬಂದಿರೋರು. ನಿಮ್ಮೋರು ತುಂಡು ತೆಗೆದಿದ್ದು ಕೆಂಪಗೆ ಊದಿದ ಅಂಚಿಂದ, ಅದಕ್ಕೇ ಎಲ್ಲಾ ಕಡೆ ಕಾವಲಿನವರೇ ಕಂಡ್ರು. ಇನ್ನೊಂದು ಗುಂಪು ಚರ್ಮದ ಜೊತೆಗೇ ಬಂದಿರೋರು. ಆ ಗುಂಪು ಪೂರ್ತಿ ನಿಮ್ಮ ಮನೆಲಿಸಿ."

"ಮನೆಯವರು?"

"ಹೆಂಗಸು. ಮನೆಲಿಸಿಗೆ ಅಕ್ಕ ಅಲ್ಲ, ತಂಗಿ ಅಲ್ಲ, ಯಾವ ಸಂಬಂಧಾನೂ ಇಲ್ಲ."

ನನಗೆ ತಲೆ ಕೆಟ್ಟಿತು. ಒಬ್ಬ ಹೆಂಗಸಿನ ಚರ್ಮದೊಳಗೆ ಒಬ್ಬ ಗಂಡಸಿನ ಕಾವಲುಗಾರರು ಹೇಗೆ ಹುಟ್ಟುತ್ತಾರೆ?

ಗದೀಜಾ ನನ್ನ ಮುಖ ನೋಡಿ ಕಾದಳು. ಆಮೇಲೆ ತಾನೇ ಹೇಳಿದಳು.

"ಮಜ್ಜೆ ಕೊಟ್ಟಿದಾನೆ. ಅವಳಿಗೆ ರಕ್ತದ ಕ್ಯಾನ್ಸರ್ ಇತ್ತು ಅಂತ ಕಾಣುತ್ತೆ. ಅಂಥೋರ ಮಜ್ಜೆ ಸುಟ್ಟುಹಾಕಿ ಬೇರೆಯವರದ್ದು ಹಾಕ್ತಾರೆ. ಆಮೇಲೆ ಆ ಮೈಯಲ್ಲಿ ಹುಟ್ಟೋ ಕಾವಲಿನವರೆಲ್ಲ ಕೊಟ್ಟವನ ಕಡೆಯವರು. ಕ್ಯಾನ್ಸರ್ ಆದವರ ಚರ್ಮ ಯಾವ ಬ್ಯಾಂಕೂ ಮುಟ್ಟಲ್ಲ. ನಿಮ್ಮ ತುಂಡಿಗೆ ಕಾಗದ ಇಲ್ಲದೇ ಇದ್ದಿದ್ದು ಅದಕ್ಕೇ."

"ಮಜ್ಜೆ ಕೊಟ್ಟವನು... ಕೊಡೋಕೆ ಸಾಯ್ಬೇಕಾ?"

"ನಮ್ಮ ಚಿಕ್ಕಪ್ಪ ಕೊಟ್ಟು ಎರಡನೇ ವಾರಕ್ಕೆ ಕ್ರಿಕೆಟ್ ಆಡ್ತಿದ್ದ. ಸೊನ್ನೆಗೆ ಔಟಾದ, ಅದು ಬೇರೆ ಮಾತು."

ಹೆಂಡ್ರಿಕ್ಸ್ ಮೂರು ಸಲ ಹೇಳಿದ್ದ. ಯಾರೂ ಕೇಳಿಕೊಂಡು ಬಾರದ ಒಂದು ಹೆಣದಿಂದ ಚರ್ಮ ತೆಗೆದೆ, ತಪ್ಪಾಯಿತು, ಆದರೆ ಅದು ಹೆಂಗಸಿನ ಹೆಣ, ಗಂಡಸಿನದಲ್ಲ ಅಂತ. ಮೂರು ಸಲವೂ ನಾನು ಮೇಜು ಗುದ್ದಿ ಸುಳ್ಳುಬುರುಕ ಎಂದು ಬೈದಿದ್ದೆ. ಅವನು ಕಳ್ಳ ಹೌದು. ಆದರೆ ಆ ಕೋಣೆಯಲ್ಲಿ ನಿಜ ಹೇಳುತ್ತಿದ್ದವನು ಅವನೊಬ್ಬನೇ.

ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದು ಮಾಡಿದ್ದೆ. ಹೋದ ಗುರುವಾರ ಖಾಯೆಲಿಟ್ಶಾದಲ್ಲಿ ಮನೆಲಿಸಿಯ ಅಕ್ಕ ನೊಝುಕೊಳ ಅಡುಗೆಮನೆಯಲ್ಲಿ ಕೂತು, ಅವಳು ಕೊಟ್ಟ ಟೀ ಕುಡಿದು, ನಿನ್ನ ತಮ್ಮ ಸತ್ತಿದ್ದಾನೆ ಎಂದು ಹೇಳಿದ್ದೆ. ಶಾಲೆಮಕ್ಕಳ ಸಮವಸ್ತ್ರ ಹೊಲಿಯುವ ನಲವತ್ತೈದರ ಹೆಂಗಸು. ಅಪ್ಪ ಅಮ್ಮ ಇಲ್ಲ, ಗಂಡ ಬಿಟ್ಟು ಹೋಗಿದ್ದಾನೆ, ಮಕ್ಕಳಿಲ್ಲ. ಅವಳಿಗೆ ಅಂತ ಇದ್ದವನು ಆ ತಮ್ಮ ಒಬ್ಬ. ಅವಳು ಅಳಲಿಲ್ಲ. "ಯಾವ ಜಾಗದಲ್ಲಿ?" ಎಂದಷ್ಟೇ ಕೇಳಿದಳು. ಶವಾಗಾರದ ವಿಳಾಸವನ್ನು ನಾನೇ ಬರೆದುಕೊಟ್ಟೆ.

ಜಾಗ ಯಾಕೆ ಕೇಳುತ್ತಾರೆಂದು ನಮ್ಮವರಿಗೆ ಬಿಡಿಸಿ ಹೇಳಬೇಕಿಲ್ಲ. ಸತ್ತ ಜಾಗಕ್ಕೆ ಹೋಗಿ, ಉಂಫಾಫಾ ಮರದ ಮುಳ್ಳುಕೊಂಬೆ ಹಿಡಿದು, ಹೆಸರು ಕೂಗಿ, ಸತ್ತವರನ್ನು ಮನೆಗೆ ಕರೆದುಕೊಂಡು ಹೋಗಬೇಕು. ಇಲ್ಲದಿದ್ದರೆ ಅವರು ಅಲ್ಲೇ ಗೋಡೆ ಬದಿಯಲ್ಲಿ ನಿಂತಿರುತ್ತಾರೆ. ಮನೆ ತಲುಪಿ, ದನದ ದೊಡ್ಡಿಯಲ್ಲಿ ಕೊಂಬೆ ಇಳಿಸಿದ ಮೇಲೆ ಆ ಮನೆಗೆ ಅವನು ಹಿರಿಯರ ಸಾಲಿಗೆ ಸೇರಿದವನು. ಆಮೇಲೆ ಅವನೇ ಬದುಕಿ ನಡೆದು ಬಂದರೂ ಅಲ್ಲಿ ಅವನಿಗೆ ಜಾಗವಿಲ್ಲ.

ಬೆಳಿಗ್ಗೆ ನನ್ನ ಫೋನಿಗೆ ನೊಝುಕೊಳ ಸಂದೇಶ ಬಂದಿತ್ತು. "ಇವತ್ತು ಮನೆಲಿಸಿಯನ್ನು ಊರಿಗೆ ಕರೆದುಕೊಂಡು ಹೋಗುತ್ತಿದ್ದೇನೆ. ಮೂರು ಗಂಟೆಯ ಟ್ಯಾಕ್ಸಿ. ನಿಮ್ಮ ಉಪಕಾರ ಮರೆಯುವುದಿಲ್ಲ."

ಗೋಡೆಯ ಗಡಿಯಾರದಲ್ಲಿ ಎರಡು ಗಂಟೆ ಆಗುತ್ತಿತ್ತು.

"ಸಮೋಸ ತಗೊಂಡಾದ್ರೂ ಹೋಗಿ," ಗದೀಜಾ ಹಿಂದಿನಿಂದ ಕೂಗಿದಳು. ನಾನು ಆಗಲೇ ಮೆಟ್ಟಿಲಿಳಿಯುತ್ತಿದ್ದೆ.

ಕಾರಿನಿಂದಲೇ ನೊಝುಕೊಗೆ ಫೋನ್ ಮಾಡಿದೆ, ಎತ್ತಲಿಲ್ಲ. ಆಮೇಲೆ ಮಜ್ಜೆ ಕೊಡುವವರ ಹೆಸರು ಬರೆದಿಟ್ಟುಕೊಳ್ಳುವ ಕಚೇರಿಗೆ ಫೋನ್ ಮಾಡಿದೆ. ಮನೆಲಿಸಿಯ ಯಾವ ಆಸ್ಪತ್ರೆ ದಾಖಲೆಯನ್ನಾದರೂ ಕೇಳಬಹುದೆಂಬ ಮ್ಯಾಜಿಸ್ಟ್ರೇಟರ ಆದೇಶ ನನ್ನ ಕಡತದಲ್ಲಿ ಎರಡು ತಿಂಗಳಿಂದ ಇತ್ತು. ಅದನ್ನು ಇಲ್ಲಿ ತೋರಿಸಬಹುದೆಂದು ನನಗೆ ಹೊಳೆದಿರಲಿಲ್ಲ. ಆದೇಶದ ಚಿತ್ರ ಕಳಿಸಿ, ಸಿಗ್ನಲ್ ಒಂದರಲ್ಲಿ ಉಗುರು ಕಚ್ಚುತ್ತಾ ಕಾದೆ.

"ಇದಾನೆ ಮೇಡಂ," ಅಲ್ಲಿನ ಗುಮಾಸ್ತೆ ಹೇಳಿದಳು. "ಕೊಟ್ಟಿದ್ದು ಮೂರು ವರ್ಷ ಎರಡು ತಿಂಗಳ ಹಿಂದೆ."

ಕಾಣೆಯಾಗಿ ಹತ್ತಿರ ಹತ್ತಿರ ಮೂರು ವರ್ಷ ಕಳೆದ ಮೇಲೆ.

"ಯಾರಿಗೆ ಕೊಟ್ಟಿದ್ದು?"

"ಅದು ನಮಗೂ ನಂಬರ್ ಅಷ್ಟೇ, ಹೆಸರು ಇರಲ್ಲ. ಆದ್ರೆ ಮೇಡಂ, ನಂಗೆ ಈ ಮನುಷ್ಯ ನೆನಪಿದಾನೆ. ಹೋದ ತಿಂಗಳು ತಾನಾಗೇ ಫೋನ್ ಮಾಡಿದ್ದ. 'ನಾನು ಕೊಟ್ಟೆನಲ್ಲ, ಅವರು ಹೇಗಿದಾರೆ?' ಅಂತ. ಯಾರೂ ಹಾಗೆ ಕೇಳಲ್ಲ. ಅವರು ತೀರಿಕೊಂಡು ಒಂದೂವರೆ ವರ್ಷ ಆಯ್ತು ಅಂದೆ. ಆಮೇಲೆ, 'ಅವರ ಹತ್ರ ಯಾರಾದ್ರೂ ಇದ್ರಾ?' ಅಂತ ಕೇಳಿದ."

"ನೀನೇನಂದೆ?"

"ಗೊತ್ತಿಲ್ಲ ಅಂದೆ. ಇನ್ನೇನು ಹೇಳ್ಲಿ?"

ಅರ್ಜಿಯ ಚಿತ್ರ ಕಳಿಸಿದಳು. ಅದರಲ್ಲಿ ಅವನ ರುಜು ಇತ್ತು, ಹೋದ ತಿಂಗಳು ಕರೆ ಮಾಡಿದ ನಂಬರನ್ನು ಅಂಚಿನಲ್ಲಿ ಬರೆದಿಟ್ಟಿದ್ದರು. ಹತ್ತಿರದ ಸಂಬಂಧಿಕರು ಎಂಬಲ್ಲಿ ಎರಡೇ ಪದ: ಯಾರೂ ಇಲ್ಲ.

ಹಿಂದಿನವರು ಹಾರನ್ ಹೊಡೆಯತೊಡಗಿದರು. ನಾನು ಆ ಎರಡು ಪದಗಳನ್ನು ನೋಡುತ್ತಾ ಕೂತಿದ್ದೆ. ಗುಗುಲೆತುವಿನ ನನ್ನ ಮನೆಯಲ್ಲಿ ರೇಡಿಯೋ ಬಿಟ್ಟರೆ ಮಾತಾಡುವ ಗಂಟಲಿಲ್ಲ. ಹಾಗಿದ್ದೂ ಅಂಥ ಅರ್ಜಿ ಬಂದರೆ ನಾನು ಯಾರಾದರೊಬ್ಬರ ಹೆಸರು ಬರೆಯುತ್ತೇನೆ, ಪಕ್ಕದ ಮನೆಯವಳದ್ದಾದರೂ ಸರಿ. ಇವನಿಗೆ ಆರು ವರ್ಷದಿಂದ ಒಬ್ಬಳು ಅಕ್ಕ ಕಾಯುತ್ತಿದ್ದಾಳೆ, ಇವನು ಯಾರೂ ಇಲ್ಲ ಎಂದು ಬರೆದಿದ್ದಾನೆ. ಬದುಕಿದ್ದಾನೆ ಎಂಬ ಸಂತೋಷಕ್ಕಿಂತ ಮೊದಲು ನನಗೆ ಅವನ ಮೇಲೆ ಸಿಟ್ಟು ಬಂತು.

ದೂರದೂರಿನ ಟ್ಯಾಕ್ಸಿಗಳು ಹೊರಡುವ ಫಿಲಿಪ್ಪಿಯ ನಿಲ್ದಾಣದಲ್ಲಿ ಗಾಳಿ ಬಿರುಸಾಗಿತ್ತು. ಹಾಸಿಗೆ, ಬಕೆಟ್ಟು, ಗೋಧಿಹಿಟ್ಟಿನ ಚೀಲಗಳನ್ನು ಟ್ರೇಲರುಗಳಿಗೆ ಕಟ್ಟುತ್ತಿದ್ದರು. ಅವಳ ಊರು ಲುಸಿಕಿಸಿಕಿಗೆ ಹೋಗುವ, ಹದಿನೈದು ಜನ ಹಿಡಿಸುವ ಬಿಳಿ ಟ್ಯಾಕ್ಸಿ ಹುಡುಕಿ ಬಾಗಿಲಿಗೆ ಕೈ ಹಾಕಿದಾಗ ಮೂರಕ್ಕೆ ಹತ್ತು ನಿಮಿಷ ಇತ್ತು.

ನೊಝುಕೊ ಎರಡನೇ ಸಾಲಿನಲ್ಲಿ ಕಿಟಕಿಯಿಂದ ಒಂದು ಸೀಟು ಬಿಟ್ಟು ಕೂತಿದ್ದಳು. ಕಿಟಕಿಯ ಸೀಟಿನಲ್ಲಿ, ಒಗೆದು ಇಸ್ತ್ರಿ ಮಾಡಿದ ಬಿಳಿ ಬಟ್ಟೆಯಲ್ಲಿ ಸುತ್ತಿದ ಕೊಂಬೆ. ಸೀಟಿನ ಪಟ್ಟಿಯನ್ನೂ ಹಾಕಿದ್ದಳು. ಅವನಿಗೂ ಒಂದು ಟಿಕೆಟ್ ತೆಗೆದಿದ್ದಳು. ಇದು ಮನೆಯ ಗಂಡಸರು ಮಾಡಬೇಕಾದ ಕೆಲಸ. ಅವಳ ಮನೆಯ ಗಂಡಸು ಅಂದರೆ ಆ ಬಟ್ಟೆಯೊಳಗಿದ್ದವನೇ.

"ಮಾಕ್ವಾಲೊ," ನಾನು ಅವಳನ್ನು ಕುಲದ ಹೆಸರಿನಿಂದ ಕರೆದೆ. "ಕೆಳಗಿಳಿ. ಮಾತಾಡ್ಬೇಕು."

ಅವಳು ತಿರುಗಲಿಲ್ಲ.

"ಏಯ್ ಅಮ್ಮ," ಹಿಂದಿನ ಸಾಲಿನಿಂದ ಕಂಬಳಿ ಹೊದ್ದ ಮುದುಕರೊಬ್ಬರು ಗದರಿದರು. "ಕೊಂಬೆ ಹಿಡಿದವಳನ್ನ ಮಾತಾಡಿಸ್ತಾರಾ? ಅವಳು ಬದುಕಿರೋರ ಹತ್ರ ಬಾಯಿ ಬಿಟ್ರೆ, ಬಂದವರು ದಾರಿಲೇ ಇಳಿದುಹೋಗ್ತಾರೆ. ನಿಮ್ಮ ತಾಯಿ ಇದನ್ನೆಲ್ಲ ಹೇಳಿಕೊಟ್ಟಿಲ್ವಾ?"

"ಹೇಳಿಕೊಟ್ಟಿದಾರೆ ಹಿರಿಯರೇ. ನಾನು ಪೊಲೀಸು."

"ಅದು ಮುಖದಲ್ಲೇ ಗೊತ್ತಾಗುತ್ತೆ."

ಇಡೀ ಟ್ಯಾಕ್ಸಿ ನಕ್ಕಿತು. ನಾನು ಒಳಗೆ ತೂರಿಕೊಂಡು ಕಿಟಕಿಯ ಸೀಟಿನ ಅಂಚಿಗೆ ಕೂರಲು ಹೋದೆ. ಹತ್ತು ಬಾಯಿಗಳು ಒಟ್ಟಿಗೇ "ಹೋ!" ಎಂದವು. ಬೆಚ್ಚಿ ಎದ್ದು ಚಾವಣಿಗೆ ತಲೆ ಬಡಿಸಿಕೊಂಡೆ.

"ಇನ್ನೂ ಇಬ್ಬರು ಬರ್ಬೇಕು," ಮುಂದಿನಿಂದ ಡ್ರೈವರ್ ಹೇಳಿದ. "ಅವರು ಬಂದ ತಕ್ಷಣ ಹೊರಟೆ. ಪೊಲೀಸ್ ಆದ್ರೂ ಅಷ್ಟೇ, ಪಾದ್ರಿ ಆದ್ರೂ ಅಷ್ಟೇ."

ಮಾತಾಡದ ಹೆಂಗಸಿನ ಜೊತೆ ಏನು ವಾದ ಮಾಡುವುದು? ಸೊಂಟ ಬಗ್ಗಿಸಿಕೊಂಡು ನಿಂತು, ಬೇರೆ ದಾರಿ ಕಾಣದೆ, ನಾನು ಕೊಂಬೆಯ ಕಡೆಗೆ ತಿರುಗಿದೆ.

"ಮನೆಲಿಸಿ, ನಿನ್ನ ಅಕ್ಕನಿಗೆ ಒಂದು ಮಾತು ಹೇಳಪ್ಪ. ನಾನು ತಪ್ಪು ಹೇಳಿದ್ದೆ. ಆ ಮುದುಕನ ಬೆನ್ನ ಮೇಲಿರೋದು ನಿನ್ನ ಚರ್ಮ ಅಲ್ಲ."

ನೊಝುಕೊ ಕೂಡ ಕೊಂಬೆಯ ಕಡೆಗೇ ನೋಡುತ್ತಾ, ನನ್ನ ಕುಲದ ಹೆಸರು ಹಿಡಿದು ಮೆಲ್ಲಗೆ ಮಾತಾಡಿದಳು.

"ತಮ್ಮಾ, ಈ ಮಾರಾದೆಬೆಗೆ ಹೇಳು. ಹೋದ ಗುರುವಾರ ಇವಳೇ ನಮ್ಮನೆಗೆ ಬಂದು, ಎರಡು ಲೋಟ ಟೀ ಕುಡಿದು, ನೀನು ಸತ್ತೆ ಅಂದ್ಲು. ಆರು ದಿನಕ್ಕೆ ಬೇರೆ ಮಾತಾ? ನೀನೇನು ಇವರ ಕಡತದಲ್ಲಿರೋ ಕಾಗದಾನಾ, ಒಂದ್ಸಲ ಆ ಕಡೆ ಒಂದ್ಸಲ ಈ ಕಡೆ ಇಡೋಕೆ?"

"ಅಕ್ಕ ಬೈಯೋದು ನ್ಯಾಯ," ನಾನು ಕೊಂಬೆಗೆ ಹೇಳಿದೆ. "ಆದ್ರೆ ಕೇಳಿಸ್ಕೊಳೋಕೆ ಹೇಳು. ಚರ್ಮ ಒಬ್ಬ ಹೆಂಗಸಿಂದು. ನೀನು ಅವಳಿಗೆ ಮೂಳೆ ಒಳಗಿನ ಮಜ್ಜೆ ಕೊಟ್ಟಿದ್ದೆ. ಅವಳ ಮೈ ಕಾಯ್ತಿದ್ದ ಕಣಗಳೆಲ್ಲ ನಿನ್ನಿಂದ ಹುಟ್ಟಿದ್ದು. ಲ್ಯಾಬಿನವರಿಗೆ ಸಿಕ್ಕಿದ್ದು ಅವು. ಅವಳು ಸತ್ತಳು. ನೀನಲ್ಲ."

"ತಮ್ಮಾ, ಇವಳಿಗೆ ಹೇಳು, ನೀನು ಸೂಜಿ ಕಂಡ್ರೆ ಓಡ್ತಿದ್ದೆ ಅಂತ. ಲಸಿಕೆ ಹಾಕೋಕೆ ಬಂದಾಗ ಜೋಳದ ಹೊಲದಲ್ಲಿ ಬಚ್ಚಿಟ್ಟುಕೊಂಡಿದ್ದೆ ಅಂತ."

"ಹೋದ ತಿಂಗಳು ಫೋನ್ ಮಾಡಿ ಅವಳು ಹೇಗಿದಾಳೆ ಅಂತ ವಿಚಾರಿಸಿದ್ಯಂತೆ. ಹೋದ ತಿಂಗಳು, ಮನೆಲಿಸಿ."

ಹಿಂದಿನ ಸಾಲಿನಲ್ಲಿ ಕುರುಕಲು ತಿನ್ನುತ್ತಿದ್ದವಳು ಪೊಟ್ಟಣ ಮಡಿಚಿ ಕೈಚೀಲಕ್ಕೆ ಹಾಕಿಕೊಂಡಳು.

ಅರ್ಜಿಯ ಚಿತ್ರ ತೋರಿಸುವುದೋ ಬೇಡವೋ ಎಂದು ನಾನು ಅಲ್ಲಿಯವರೆಗೂ ತೀರ್ಮಾನಿಸಿರಲಿಲ್ಲ. ತೋರಿಸದಿದ್ದರೆ ಅವಳು ನಂಬುವುದಿಲ್ಲ. ತೋರಿಸಿದರೆ ಆ ಎರಡು ಪದಗಳನ್ನು ಓದುತ್ತಾಳೆ. ನನ್ನ ಕೆಲಸದಲ್ಲಿ ಇಂಥ ಹೊತ್ತು ಬಹಳ ಬರುತ್ತದೆ, ಅಭ್ಯಾಸ ಮಾತ್ರ ಆಗುವುದಿಲ್ಲ. ಫೋನನ್ನು ಅವಳ ಮಡಿಲಲ್ಲಿಟ್ಟೆ.

ಅವಳು ಮೊದಲು ನೋಡಿದ್ದು ರುಜು. ಬೆರಳಿಂದ ಅದನ್ನು ಸವರಿದಳು. ಅವಳ ಮುಖದಲ್ಲಿ ಏನೋ ಹತ್ತಿಕೊಂಡಿತು, ಬಾಯಿ ಅರ್ಧ ತೆರೆಯಿತು. ಆಮೇಲೆ ಕಣ್ಣು ಮೇಲಿನ ಸಾಲಿಗೆ ಹೋಯಿತು.

ಅವಳು ತುಂಬ ಹೊತ್ತು ಓದಿದಳು. ಎರಡು ಪದ ಓದಲು ಅಷ್ಟು ಹೊತ್ತು ಬೇಕಾಗಿಲ್ಲ.

"ಯಾರೂ ಇಲ್ಲ," ಅವಳು ಕೊಂಬೆಗೆ ಹೇಳಿದಳು. "ಹೀಗೆ ಬರೆದ್ಯೇನೋ? ಅಮ್ಮ ಸತ್ತಾಗ ನಿಂಗೆ ಎಂಟು ವರ್ಷ. ನಾನು ಶಾಲೆ ಬಿಟ್ಟು ಹೊಲಿಗೆ ಹಿಡಿದಿದ್ದು ಯಾರಿಗೋಸ್ಕರ? ಆರು ವರ್ಷ ಪ್ರತಿ ಭಾನುವಾರ ನಿನ್ನ ಪಾಲಿನ ಮಾಂಸ ತೆಗೆದಿಟ್ಟು, ಸೋಮವಾರ ನಾನೇ ತಿಂದಿದೀನಿ. ಬೀದಿಲಿ ನಿನ್ನ ಥರ ನಡಿಯೋನು ಕಂಡ್ರೆ ಹಿಂದೆ ಓಡಿ ಬೈಸ್ಕೊಂಡಿದೀನಿ. ಯಾರೂ ಇಲ್ವಾ? ಹಾಗಾದ್ರೆ ನಾನು ಯಾರೋ?"

ಕೊಂಬೆ ಕೂತಲ್ಲೇ ಕೂತಿತ್ತು.

"ಸತ್ತಿದ್ದ ನೀನೇ ವಾಸಿ ಕಣೋ," ಎಂದಳು. "ಸತ್ತವನು ನನ್ನ ಜೊತೆ ಬರ್ತಿದ್ದ."

ಡ್ರೈವರ್ ಕಾಯುತ್ತಿದ್ದ ಇಬ್ಬರು ಬಂದು ಹತ್ತಿಕೊಂಡರು. ಅವನು ಎಂಜಿನ್ ಚಾಲೂ ಮಾಡಲಿಲ್ಲ. ಸ್ಟಿಯರಿಂಗಿನ ಮೇಲೆ ಕೈಯಿಟ್ಟುಕೊಂಡು ಕನ್ನಡಿಯಲ್ಲಿ ನೋಡುತ್ತಿದ್ದ.

"ಇಳಿಯೋಕೆ ಹೇಳು ಅಕ್ಕನಿಗೆ," ನಾನು ಅಂದೆ. "ಈ ಕೊಂಬೆ ಊರು ಮುಟ್ಟಿದ್ರೆ ನೀನು ಬದುಕಿದ್ದೂ ಸತ್ತ ಹಾಗೆ. ನಾಳೆ ನೀನು ಬಂದ್ರೂ ಬಾಗಿಲು ತೆಗೆಯೋರಿರಲ್ಲ."

"ಇವಳಿಗೆ ಹೇಳು," ನೊಝುಕೊ ಕೊಂಬೆಗೇ ಹೇಳಿದಳು, "ಇವತ್ತು ಬೆಳಿಗ್ಗೆ ಆ ಶವಾಗಾರದ ಗೇಟಿನ ಹತ್ರ ನಿಂತು, ಮನೆಲಿಸಿ, ಇದು ನಿನ್ನ ಜಾಗ ಅಲ್ಲ, ಎದ್ದು ಬಾ ಅಂತ ಕೂಗಿದೆ. ಕೊಂಬೆ ಎತ್ತಿದಾಗ ಭಾರ ಆಯ್ತು. ಎರಡೂ ಕೈಲಿ ಹಿಡೀಬೇಕಾಯ್ತು. ಯಾರೋ ಬಂದಿದಾರೆ. ನೀನಲ್ದೇ ಹೋದ್ರೆ ಇಲ್ಲಿ ಕೂತಿರೋದು ಯಾರು?"

ಮುದುಕರ ಕಡೆ ನೋಡಿದೆ. ಅವರು ಕಂಬಳಿ ಸರಿಮಾಡಿಕೊಂಡರು.

"ಬಂದವರನ್ನ ಟ್ಯಾಕ್ಸಿ ನಿಲ್ದಾಣದಲ್ಲಿ ಬಿಟ್ಟು ಹೋಗೋ ಹಾಗಿಲ್ಲ," ಅಂದರು. "ಅದು ಮಾತ್ರ ನಂಗೆ ಗೊತ್ತು."

ಆಗ ನಾನು ಮಾಡಿದ್ದನ್ನು ಈಗ ಸರಿ ಎನ್ನಲಾರೆ. ನನ್ನ ತಪ್ಪನ್ನು ನಾನೇ ತಿದ್ದಬೇಕೆಂಬ ಹಟ ಇತ್ತು. ಅವಳ ಮಡಿಲಿಂದ ಫೋನ್ ತೆಗೆದುಕೊಂಡು, ಅರ್ಜಿಯಲ್ಲಿದ್ದ ನಂಬರ್ ಒತ್ತಿ, ಎಲ್ಲರಿಗೂ ಕೇಳುವ ಹಾಗೆ ಸ್ಪೀಕರ್ ಹಾಕಿದೆ.

ಏಳು ಸಲ ರಿಂಗ್ ಆಯಿತು.

"ಹಲೋ."

ಗಂಡಸಿನ ಧ್ವನಿ. ನಿದ್ದೆಗೆಟ್ಟವನ ಧ್ವನಿ. ನೊಝುಕೊ ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡಳು. ಅವಳನ್ನು ನೋಡಿದವರಿಗೆ ಅದು ಯಾರ ಧ್ವನಿ ಎಂದು ಕೇಳುವ ಅಗತ್ಯ ಬೀಳಲಿಲ್ಲ.

"ಹಲೋ? ಯಾರು?"

ಅವಳು ಕೊಂಬೆ ನೋಡಿದಳು, ಫೋನ್ ನೋಡಿದಳು. ಮಾತಾಡಿದರೆ ಬಂದವರು ಇಳಿದುಹೋಗುತ್ತಾರೆ. ಮಾತಾಡದಿದ್ದರೆ ಅವನು ಫೋನ್ ಇಡುತ್ತಾನೆ. ಅವಳ ಕಣ್ಣೀರು ಬೆರಳುಗಳ ಮೇಲೆ ಇಳಿಯಿತು.

"ಯಾರಿದು? ಇಡ್ತೀನಿ."

"ಮನೆಲಿಸಿ," ಎಂದಳು ಅವಳು.

ಹಿಂದಿನ ಸಾಲಿನಲ್ಲಿ ಯಾರೋ ಅಯ್ಯೋ ಎಂದು ಉಸಿರೆಳೆದರು. ಆ ಕಡೆ ಎಲ್ಲೋ ಒಂದು ಬಾಗಿಲು ಮುಚ್ಚಿದ ಹಾಗಾಯಿತು. ಆಮೇಲೆ ಅವನು ಮಾತಾಡಿದಾಗ ಧ್ವನಿ ಪಿಸುಗುಟ್ಟುವಷ್ಟು ಸಣ್ಣದಾಗಿತ್ತು.

"ಅಕ್ಕಾ?"

"ಹೂಂ ಕಣೋ."

"ಈ ನಂಬರ್ ನಿಂಗೆ... ಇರ್ಲಿ. ಅಕ್ಕಾ, ನಾನು ಸತ್ತೆ ಅಂತ ಪೇಪರಲ್ಲಿ ಬಂದಿದೆ, ನಿಂಗೆ ಯಾರಾದ್ರೂ ಹೇಳಿದ್ರಾ?"

"ಪೊಲೀಸ್‌ನೋರು ಹೇಳಿದ್ರು. ನಿನ್ನ ಕರ್ಕೊಂಡು ಊರಿಗೆ ಹೊರಟಿದೀನಿ. ಟ್ಯಾಕ್ಸಿಲಿ ಕೂತಿದೀನಿ."

ಅವನು ಅತ್ತನೋ ನಕ್ಕನೋ ತಿಳಿಯಲಿಲ್ಲ.

"ಹೋಗು ಅಕ್ಕಾ. ಕರ್ಕೊಂಡು ಹೋಗು. ಊರಿಗೆಲ್ಲ ಹೇಳು ಮನೆಲಿಸಿ ಸತ್ತ ಅಂತ. ಹಸು ಕೊಯ್ದು ಊಟ ಹಾಕು, ಪಾದ್ರಿನ ಕರೆಸು, ಎಲ್ಲರ ಎದುರಿಗೆ ಮಾಡು. ಎಷ್ಟು ಜನ ನೋಡ್ತಾರೋ ಅಷ್ಟು ಒಳ್ಳೇದು."

"ಏನಾಗಿದೆಯೋ ನಿಂಗೆ? ಯಾರಿಗೆ ಹೆದರ್ತಿದೀಯಾ?"

"ನಂಗೆ ಯಾರೂ ಇಲ್ಲ ಅಂತ ಅವರು ನಂಬಿರೋವರೆಗೆ ನೀನು ಬದುಕಿರ್ತೀಯಾ. ನನ್ನನ್ನ ಹೂಳ್ಬಿಡು ಅಕ್ಕಾ. ದಮ್ಮಯ್ಯ."

ಲೈನ್ ಕಟ್ಟಾಯಿತು.

ಗಾಳಿ ಟ್ಯಾಕ್ಸಿಯ ತಗಡಿಗೆ ಮರಳು ಎರಚಿತು. ನೊಝುಕೊ ಸೆರಗಿನಂತೆ ಹೊದ್ದಿದ್ದ ಶಾಲಿನಿಂದ ಮುಖ ಒರೆಸಿಕೊಂಡಳು. ಆಮೇಲೆ ಮೊದಲ ಬಾರಿಗೆ ನನ್ನನ್ನು ನೇರವಾಗಿ ನೋಡಿದಳು.

"ಆ ಹೆಂಗಸಿನ ಹೆಸರೇನು?"

"ಗೊತ್ತಿಲ್ಲ ಮಾಕ್ವಾಲೊ. ಯಾರೂ ಕೇಳ್ಕೊಂಡು ಬರ್ಲಿಲ್ಲ."

ಅವಳು ತಲೆಯಾಡಿಸಿದಳು. ಕಿಟಕಿಯ ಕಡೆ ತಿರುಗಿ, ಜಾರಿದ್ದ ಬಿಳಿ ಬಟ್ಟೆಯನ್ನು ಕೊಂಬೆಗೆ ಮತ್ತೆ ಹೊದಿಸಿದಳು.

"ತಂಗೀ," ಎಂದಳು. "ತಪ್ಪಾಯ್ತು, ಮಧ್ಯದಲ್ಲಿ ಬೇರೆಯವರ ಹತ್ರ ಮಾತಾಡಿಬಿಟ್ಟೆ. ಇಳೀಬೇಡ. ನಾನು ಕೂಗಿದ್ದು ಅವನ ಹೆಸರು, ಎದ್ದು ಬಂದವಳು ನೀನು. ಅವನ ರಕ್ತ ನಿನ್ನ ಮೈ ಕಾದಿದೆಯಂತೆ. ಅಷ್ಟು ಸಂಬಂಧ ಸಾಕು. ದಾರಿ ದೂರ ಇದೆ, ಒರಗಿಕೊಂಡು ಕೂತ್ಕೋ."

ಹಿಂದಿನ ಮುದುಕರು ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡರು. ನೊಝುಕೊ ಡ್ರೈವರಿಗೆ, "ಹೊರಡಪ್ಪ" ಎಂದಳು.

ನಾನು ತಡೆಯಬೇಕಿತ್ತು. ಬದುಕಿರುವವನ ತಿಥಿಗೆ ಒಬ್ಬ ಪೊಲೀಸ್ ಅಧಿಕಾರಿ ಕಣ್ಣಾರೆ ಸಾಕ್ಷಿಯಾಗುವುದು ಕಾನೂನಿನ ಯಾವ ಪುಟದಲ್ಲೂ ಇಲ್ಲ. ನಾನು ಕೆಳಗಿಳಿದು ಬಾಗಿಲು ಎಳೆದು ಮುಚ್ಚಿದೆ. ಟ್ಯಾಕ್ಸಿ ಟ್ರೇಲರನ್ನು ಎಳೆದುಕೊಂಡು ಹೆದ್ದಾರಿಯ ಕಡೆ ತಿರುಗಿತು. ಕಿಟಕಿಯಲ್ಲಿ ಬಿಳಿ ಬಟ್ಟೆ ಸ್ವಲ್ಪ ಹೊತ್ತು ಕಂಡಿತು.

ನನಗೆ ಹೊಟ್ಟೆಕಿಚ್ಚಾಯಿತು. ಹೆಸರಿಲ್ಲದ ಆ ಹೆಂಗಸಿಗೆ ಈಗ ಒಂದು ಊರಿತ್ತು, ಒಬ್ಬಳು ಅಕ್ಕ ಇದ್ದಳು. ನನಗಾಗಿ ಯಾರು ಕೊಂಬೆ ಹಿಡಿಯುತ್ತಾರೆ ಎಂಬ ಯೋಚನೆ ಬಂತು, ಅದನ್ನು ಅಲ್ಲೇ ಬಿಟ್ಟು ಕಾರಿನ ಕಡೆ ನಡೆದೆ.

ಫೋನ್ ರಿಂಗಾಯಿತು. ಅದೇ ನಂಬರ್.

"ಮನೆಲಿಸಿ," ಆತುರದಿಂದ ಎತ್ತಿದೆ, "ನಾನು ಕ್ಯಾಪ್ಟನ್ ಲುಲಾಮಾ ಮಗಾಡ್ಲಾ, ಇಡ್ಬೇಡ, ಎಲ್ಲಿದೀಯಾ ಹೇಳು."

ಆ ಕಡೆ ಇದ್ದದ್ದು ಮನೆಲಿಸಿಯಲ್ಲ. ವಯಸ್ಸಾದ ಧ್ವನಿ, ಮೆದುವಾದ ಮರ್ಯಾದೆಯ ಧ್ವನಿ.

"ಕ್ಯಾಪ್ಟನ್ ಅವರೇ, ಒಂದೇ ಒಂದು ಪ್ರಶ್ನೆ. ಈಗ ಅವನ ಹತ್ರ ಮಾತಾಡಿದ ಹೆಂಗಸು ಅವನಿಗೆ ಏನಾಗ್ಬೇಕು?"